ಗಾಯರಾಣದಲ್ಲಿ ನೆಡುತೋಪು: ಗ್ರಾಮಸಭೆಯ ಮುಂದೆ ಏನಿಡಬೇಕು?

ಮಡ್ಡಿಹೊಲ (ಬೀದರ್ ತಾಲ್ಲೂಕು)

ಎಲ್ಲರಿಗೂ ಶರಣು ಶರಣಾರ್ಥಿ. ನಾನು ಗ್ರಾಮ ಪಂಚಾಯಿತಿ ಸದಸ್ಯೆ. ಊರಿನ ಬಡಗಣ ಮಡ್ಡಿಯ ಮೇಲಿರುವ ಗಾಯರಾಣದಲ್ಲಿ, ಅಂದರೆ ಊರ ದನ ಮೇಯಲು ಬಿಟ್ಟ ಸರ್ಕಾರಿ ಗೋಮಾಳದಲ್ಲಿ, ನೆಡುತೋಪು ಬೆಳೆಸುವ ಪ್ರಸ್ತಾವ ನಮ್ಮ ಪಂಚಾಯಿತಿಗೆ ಬಂದಿದೆ. ಸುತ್ತ ಕಂದಕ ತೋಡಿ, ಸಾಲಾಗಿ ಗುಂಡಿ ತೆಗೆದು ಸಸಿ ನೆಟ್ಟು, ಐದು ವರ್ಷ ದನ ಕುರಿಗಳನ್ನು ಒಳಗೆ ಬಿಡದಂತೆ ಕಾಯುವುದು ಯೋಜನೆ. ಮುಂದಿನ ಗ್ರಾಮಸಭೆಯಲ್ಲಿ ಠರಾವು ಆಗಬೇಕು.

ಮರ ಬೇಡ ಎನ್ನುವವಳು ನಾನಲ್ಲ. ಆದರೆ ಪ್ರಸ್ತಾವದ ಹಾಳೆಯಲ್ಲಿ ‘ಜಮೀನಿನ ಈಗಿನ ಬಳಕೆ’ ಎಂಬ ಕಲಮಿನ ಎದುರು ‘ಇಲ್ಲ’ ಎಂದು ಬರೆದು ಮುಗಿಸಿದ್ದಾರೆ. ಅದನ್ನು ಓದಿದಾಗಿನಿಂದ ಮನಸ್ಸಿಗೆ ಸಮಾಧಾನವಿಲ್ಲ. ದಸರೆಯಿಂದ ದೀಪಾವಳಿಯ ತನಕ ಆ ಮಡ್ಡಿಯಲ್ಲಿ ಸೀತಾಫಲದ ಸುಗ್ಗಿ. ಹೊತ್ತು ಮೂಡುವ ಮುಂಚೆಯೇ ಹೆಂಗಸರು ಬುಟ್ಟಿ ಹಿಡಿದು ಹೋಗುತ್ತಾರೆ. ಕಣ್ಣು ಬಿಟ್ಟ ಕಾಯಿಯನ್ನಷ್ಟೇ ಕೊಯ್ಯುತ್ತಾರೆ, ಅಂದರೆ ಉಬ್ಬುಗಳ ನಡುವಿನ ಗೆರೆ ಬಿರಿದು ಬೆಳ್ಳಗೆ ಕಂಡದ್ದನ್ನು. ಹುಲ್ಲಿನಲ್ಲಿ ಮುಚ್ಚಿಟ್ಟು ಹಣ್ಣಾಗಿಸಿ ರಸ್ತೆಯ ಬದಿಯಲ್ಲಿ ಕುಳಿತು ಮಾರುತ್ತಾರೆ. ಅವರಲ್ಲಿ ಹೆಚ್ಚಿನವರಿಗೆ ಗುಂಟೆ ಜಮೀನೂ ಇಲ್ಲ. ಮಳೆಗಾಲದಲ್ಲಿ ಹೊಲಗಳಲ್ಲೆಲ್ಲ ಬೆಳೆ ನಿಂತಿರುವಾಗ ಊರಿನ ಆಡು, ಎಮ್ಮೆ, ಉಳಿದಿರುವ ನಾಲ್ಕಾರು ಮನೆಗಳ ದೇವಣಿ ದನ ಹೋಗುವುದು ಅಲ್ಲಿಗೇ. ಮುತ್ತಲದ ಎಲೆ, ತಂಗಡಿ ಹೂವು, ಒಲೆಗೆ ಪುರಳೆ ಎಲ್ಲವೂ ಅಲ್ಲಿಂದಲೇ ಬರುತ್ತವೆ.

ಇದನ್ನೆಲ್ಲ ಸಭೆಯಲ್ಲಿ ಬಾಯಿಮಾತಿನಲ್ಲಿ ಹೇಳಿದರೆ ‘ಅಕ್ಕಾವರು ಅಭಿವೃದ್ಧಿಗೆ ಅಡ್ಡ ಬರುತ್ತಾರೆ’ ಎನ್ನುತ್ತಾರೆ. ಲೆಕ್ಕಕ್ಕೆ ತರುವ ದಾರಿ ಇದೆಯೇ? ಈ ಬಗ್ಗೆ ಸಂಶೋಧನೆ ಮಾಡಿದವರು ಏನು ಹೇಳುತ್ತಾರೆ? ಕಾನೂನು ಏನು ಹೇಳುತ್ತದೆ? ತಿಳಿದವರು ದಯವಿಟ್ಟು ಬರೆಯಿರಿ.

ಲೆಕ್ಕಪತ್ರ (ಕಲಬುರಗಿ, ಸಂಶೋಧನಾ ವಿದ್ಯಾರ್ಥಿ)

ಅಕ್ಕಾವರೇ, ಬಹಳ ಒಳ್ಳೆಯ ಪ್ರಶ್ನೆ ಎತ್ತಿದ್ದೀರಿ. ಇದರ ಮೇಲೆ ದೊಡ್ಡ ಕೆಲಸವೇ ನಡೆದಿದೆ. 1997ರಲ್ಲಿ ರಾಬರ್ಟ್ ಕೊಸ್ಟಾನ್ಜಾ ಮತ್ತು ಸಂಗಡಿಗರು ನಿಸರ್ಗದಿಂದ ಮನುಷ್ಯನಿಗೆ ಸಿಗುವ 17 ಬಗೆಯ ಸೇವೆಗಳಿಗೆ ಬೆಲೆ ಕಟ್ಟಿ, ಇಡೀ ಭೂಮಂಡಲಕ್ಕೆ ವರ್ಷಕ್ಕೆ ಸರಾಸರಿ 33 ಲಕ್ಷ ಕೋಟಿ ಡಾಲರ್ ಎಂದು ಅಂದಾಜು ಮಾಡಿದರು. ಆಗ ಜಗತ್ತಿನ ಎಲ್ಲ ದೇಶಗಳ ಒಟ್ಟು ಉತ್ಪನ್ನ ಸುಮಾರು 18 ಲಕ್ಷ ಕೋಟಿ ಡಾಲರ್ ಇತ್ತು. ಆ ಅಂಕಿಯ ಮೇಲೆ ಇಂದಿಗೂ ತಕರಾರಿದೆ. ಆದರೆ ಪೇಟೆಯಲ್ಲಿ ಮಾರಾಟವಾಗದ್ದಕ್ಕೂ ಬೆಲೆಯಿದೆ ಎಂಬ ಮಾತು ಅಲ್ಲಿಂದ ನೀತಿ ರೂಪಿಸುವವರ ಮೇಜಿಗೆ ಬಂತು. 2005ರಲ್ಲಿ ವಿಶ್ವಸಂಸ್ಥೆಯ ಆಶ್ರಯದ ಸಹಸ್ರಮಾನದ ಪರಿಸರವ್ಯವಸ್ಥೆ ಮೌಲ್ಯಮಾಪನ ಈ ಸೇವೆಗಳನ್ನು ನಾಲ್ಕು ಗುಂಪು ಮಾಡಿತು: ಪೂರೈಕೆ, ನಿಯಂತ್ರಣ, ಸಾಂಸ್ಕೃತಿಕ, ಆಧಾರ. ನಿಮ್ಮ ಸೀತಾಫಲ, ಮೇವು, ಎಲೆ, ಸೌದೆ ಪೂರೈಕೆಗೆ ಸೇರುತ್ತವೆ. ಮಳೆನೀರು ಇಂಗುವುದು, ಮಣ್ಣು ಕೊಚ್ಚಿಹೋಗದಿರುವುದು ನಿಯಂತ್ರಣ. ಮಡ್ಡಿಯ ಮೇಲೆ ಊರದೇವತೆಯ ಕಟ್ಟೆಯೋ ದರ್ಗಾವೋ ಇದ್ದರೆ ಅದು ಮೂರನೆಯದು. ಮಣ್ಣು ಕಟ್ಟುವುದು, ಜೇನುನೊಣ ಬದುಕುವುದು ನಾಲ್ಕನೆಯದು.

ನಿಮಗೆ ಹೆಚ್ಚು ಬೇಕಾದದ್ದು 2010ರಲ್ಲಿ ಪವನ್ ಸುಖದೇವ್ ನೇತೃತ್ವದಲ್ಲಿ ಬಂದ ವರದಿ. ದೇಶದ ಒಟ್ಟು ಉತ್ಪನ್ನದಲ್ಲಿ ನಿಸರ್ಗದ ಪಾಲು ಎಷ್ಟು ಎಂದು ಕೇಳುವ ಬದಲು, ಬಡವರ ಬದುಕಿನ ಆದಾಯದಲ್ಲಿ ಅದರ ಪಾಲು ಎಷ್ಟು ಎಂದು ಅವರು ಕೇಳಿದರು. ಭಾರತದ ಹಳ್ಳಿಗಾಡಿನ ಬಡವರ ಮಟ್ಟಿಗೆ ಶೇ 47ರಷ್ಟು ಎಂಬ ಉತ್ತರ ಬಂತು. ಒಂದೇ ಗಾಯರಾಣ ಹತ್ತು ಎಕರೆ ನೀರಾವರಿ ಇರುವವನಿಗೆ ಏನೂ ಅಲ್ಲದಿರಬಹುದು. ಆಡು ಸಾಕಿದ ವಿಧವೆಗೆ ಅದೇ ಅರ್ಧ ಸಂಸಾರ. ಆದ್ದರಿಂದ ನೀವು ಮಾಡುವ ಲೆಕ್ಕದಲ್ಲಿ ಒಟ್ಟು ಮೊತ್ತಕ್ಕಿಂತ ಯಾರ ಪಾಲು ಎಷ್ಟು ಎಂಬುದು ಮುಂದೆ ಬರಲಿ.

ಅರಣ್ಯ ಭೂಮಿಗಾದರೆ ಸರ್ಕಾರವೇ ಬೆಲೆ ಕಟ್ಟುತ್ತದೆ. ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನಿರ್ದೇಶನದ ಮೇರೆಗೆ ಕಾಂಚನ್ ಚೋಪ್ರಾ ಸಮಿತಿ ವಿಧಾನ ಸೂಚಿಸಿತು. 2008ರಲ್ಲಿ ಹೆಕ್ಟೇರಿಗೆ 4.38 ಲಕ್ಷದಿಂದ 10.43 ಲಕ್ಷ ರೂಪಾಯಿ ತನಕ ನಿವ್ವಳ ಪ್ರಸ್ತುತ ಮೌಲ್ಯ, ಅಂದರೆ ಆ ಕಾಡಿನಿಂದ ಮುಂದೆ ಸಿಗಬಹುದಾದ ಲಾಭದ ಇಂದಿನ ಬೆಲೆ, ನಿಗದಿಯಾಯಿತು, ಆಮೇಲೆ ಪರಿಷ್ಕರಣೆಯೂ ಆಗಿದೆ. ಗಣಿಗೋ ರಸ್ತೆಗೋ ಕಾಡು ಕೊಟ್ಟರೆ ಆ ಹಣ ಕಟ್ಟಲೇಬೇಕು. ಕಂದಾಯ ಇಲಾಖೆಯ ಗಾಯರಾಣಕ್ಕೆ ಅಂಥ ಲೆಕ್ಕವೇ ಇಲ್ಲ. ನಿಮ್ಮ ಹಾಳೆಯ ಕಲಮು ಅಷ್ಟು ಸಲೀಸಾಗಿ ‘ಇಲ್ಲ’ ಎಂದು ತುಂಬಿದ್ದಕ್ಕೆ ಇದೂ ಒಂದು ಕಾರಣ.

ಹಸಿರು ಔರಾದ್

ಎಲ್ಲರ ಮಾತಿಗೂ ಗೌರವ ಕೊಟ್ಟೇ ಹೇಳುತ್ತೇನೆ, ನನಗೆ ಒಪ್ಪಿಗೆಯಿಲ್ಲ. ನಮ್ಮ ಜಿಲ್ಲೆಯಲ್ಲಿ ಕಾಡು ಎಷ್ಟಿದೆ ಎಂದು ಕಣ್ಣಿಗೇ ಕಾಣುತ್ತದೆ. 1988ರ ರಾಷ್ಟ್ರೀಯ ಅರಣ್ಯ ನೀತಿ ಮೂರನೇ ಒಂದು ಭಾಗ ಹಸಿರು ಹೊದಿಕೆ ಇರಬೇಕು ಎನ್ನುತ್ತದೆ. ನಾವು ಅದರ ಹತ್ತಿರವೂ ಇಲ್ಲ. ಏಪ್ರಿಲ್ ಬಂತೆಂದರೆ ಬಸ್ಸಿಗೆ ಕಾಯುವವನಿಗೆ ನೆರಳಿಲ್ಲ. ನಾವು ಕೆಲವು ಗೆಳೆಯರು ಕೂಡಿ ಶಾಲೆಯ ಸುತ್ತ, ಸ್ಮಶಾನದಲ್ಲಿ ಬೇವು, ಹೊಂಗೆ, ಹುಣಸೆ ಬೆಳೆಸಿದ್ದೇವೆ, ಟ್ಯಾಂಕರಿನಲ್ಲಿ ನೀರು ಹೊತ್ತಿದ್ದೇವೆ. ಸರ್ಕಾರವೇ ದುಡ್ಡು ಕೊಟ್ಟು ಗಿಡ ನೆಡುತ್ತೇನೆ ಎಂದು ಮುಂದೆ ಬಂದಾಗ ಬೇಡವೆನ್ನುವುದು ಸರಿಯಲ್ಲ.

ಇನ್ನೊಂದು ಮಾತು. ಗಾಯರಾಣವನ್ನು ಹಾಗೇ ಬಿಟ್ಟರೆ ಉಳಿಯುತ್ತದೆಯೇ? ಪ್ರತಿ ವರ್ಷ ಅಂಚಿನವರು ನೇಗಿಲು ಒಂದು ಸಾಲು ಒಳಗೆ ಹಾಕುತ್ತಾರೆ. ನಮ್ಮ ಕಡೆ ಗಿಡ ನೆಟ್ಟ ಗಾಯರಾಣಗಳು ಉಳಿದಿವೆ, ನೆಡದವು ಸೋಯಾ ಹೊಲವಾಗಿವೆ. ಇದಕ್ಕೆ ಉತ್ತರ ಕೊಡಿ.

ಸುರಂಗಬಾವಿ (ಬೀದರ್)

ನೀರಿನ ಬಗ್ಗೆ ಯಾರೂ ಬರೆದಿಲ್ಲವಾದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಬೀದರಿನಲ್ಲಿ ನಿಂತು ಗಾಯರಾಣದ ಮಾತಾಡುವವರು ಮೊದಲು ಕಾಲ ಕೆಳಗಿನ ಕಲ್ಲು ನೋಡಬೇಕು.

ನಮ್ಮ ಪ್ರಸ್ಥಭೂಮಿಯ ಮೇಲ್ಪದರ ಜಂಬಿಟ್ಟಿಗೆ. ಒಂದು ತುಂಡು ಕೈಯಲ್ಲಿ ಹಿಡಿದು ನೋಡಿ, ಮೈತುಂಬ ತೂತು. ಮಳೆನೀರು ಅದರಲ್ಲಿ ಸರಾಗವಾಗಿ ಇಳಿಯುತ್ತದೆ. ಅದರ ಬುಡದಲ್ಲಿ ಜೇಡಿಪದರ, ಜೇಡಿಯ ಕೆಳಗೆ ಕರಿಯ ಬಸಾಲ್ಟ್ ಬಂಡೆ. ಇಳಿದ ನೀರು ಜೇಡಿಯ ಮೇಲೆ ನಿಂತು ಅಡ್ಡಡ್ಡ ಸರಿಯುತ್ತದೆ. ಪ್ರಸ್ಥಭೂಮಿಯ ಅಂಚು ಕಡಿದ ಕಡೆ ಝರಿಯಾಗಿ ಹೊರಬೀಳುತ್ತದೆ. ನಾನಕ್ ಝೀರಾ ಸಾಹೇಬದ ನೀರು, ಝರಣಿ ನರಸಿಂಹನ ಗುಹೆಯಲ್ಲಿ ಎದೆಮಟ್ಟ ನಿಲ್ಲುವ ನೀರು ಎಲ್ಲ ಇದೇ ಕಲ್ಲಿನ ಕೊಡುಗೆ. 15ನೇ ಶತಮಾನದಲ್ಲಿ ಬಹಮನಿಗಳ ಕಾಲದವರು ಇದನ್ನು ಅರಿತೇ ನೌಬಾದ್ ಬಳಿ ಜಂಬಿಟ್ಟಿಗೆಯೊಳಗೆ ಸುರಂಗ ಬಾವಿ ಕೊರೆದರು. ನೆಲದೊಳಗೆ ಸಣ್ಣ ಇಳಿಜಾರಿನ ಸುರಂಗ, ನಡುನಡುವೆ ಗಾಳಿಬೆಳಕಿಗೆ, ಹೂಳೆತ್ತಲಿಕ್ಕೆ ಮೇಲಿನ ತನಕ ತೆರೆದ ಬಾವಿಗಳು. ಎತ್ತುವ ಶ್ರಮವಿಲ್ಲದೆ ನೀರು ತಾನೇ ಹರಿದು ಬರುತ್ತದೆ. ಪರ್ಷಿಯಾದ ಈ ವಿದ್ಯೆ ಇಲ್ಲಿ ನೆಲೆಯಾದದ್ದು ಈ ತೂತುಗಲ್ಲಿನಿಂದ.

ಈಗ ನಿಮ್ಮ ಮಡ್ಡಿಗೆ ಬರೋಣ. ಅಲ್ಲಿ ಬೀಳುವ ಮಳೆ ಎಲ್ಲಿಗೆ ಹೋಗುತ್ತದೆ? ತಗ್ಗಿನಲ್ಲಿರುವ ಊರ ಬಾವಿಗೆ, ಕೊಳವೆಬಾವಿಗಳಿಗೆ. ಗಾಯರಾಣ ಎನ್ನುವುದು ಊರಿನ ನೀರು ಒಳಗಿಳಿಯುವ ಬಾಯಿ. ಹುಲ್ಲು, ಪೊದೆ, ಅಲ್ಲಲ್ಲಿ ಚದುರಿದ ಮರ ಇರುವ ನೆಲ ಈ ಕೆಲಸಕ್ಕೆ ಬಹಳ ಚೆನ್ನಾಗಿ ಹೊಂದುತ್ತದೆ. 2016ರಲ್ಲಿ ಪಶ್ಚಿಮ ಆಫ್ರಿಕಾದ ಬುರ್ಕಿನಾ ಫಾಸೊದಿಂದ ಬಂದ ಅಧ್ಯಯನವೊಂದು ಇದನ್ನೇ ಹೇಳಿತು. ವರ್ಷದ ಒಂದು ಭಾಗ ಮಾತ್ರ ಮಳೆ ಬೀಳುವ ಉಷ್ಣ ಪ್ರದೇಶದಲ್ಲಿ ಮರವೇ ಇಲ್ಲದಿದ್ದರೂ ಇಂಗುವುದು ಕಡಿಮೆ, ಒತ್ತಾಗಿ ಮರ ತುಂಬಿದರೂ ಕಡಿಮೆ. ನಡುವಿನ ಒಂದು ಹದದಲ್ಲಿ ಅಂತರ್ಜಲಕ್ಕೆ ಹೆಚ್ಚು ನೀರು ಸೇರುತ್ತದೆ. ಮರದ ಬೇರು ನೆಲವನ್ನು ಸಡಿಲಿಸಿ ನೀರಿಗೆ ದಾರಿ ಮಾಡುತ್ತದೆ. ಆದರೆ ಒತ್ತಾಗಿ ನೆಟ್ಟ, ಬೇಗ ಬೆಳೆಯುವ ಮರಗಳು ಇಳಿದ ನೀರನ್ನೇ ಹೀರಿ ಎಲೆಯ ಮೂಲಕ ಗಾಳಿಗೆ ಬಿಡುತ್ತವೆ. 2017ರಲ್ಲಿ ರಾಜ್ಯ ಸರ್ಕಾರ ನೀಲಗಿರಿ ನೆಡುವುದನ್ನು ನಿಷೇಧಿಸಿದ್ದು ಸುಮ್ಮನೆ ಅಲ್ಲ.

ಮಾಂಜ್ರಾ ನದಿಯ ಆಚೆ ಲಾತೂರಿಗೆ 2016ರ ಏಪ್ರಿಲ್‌ನಲ್ಲಿ ಮೀರಜ್‌ನಿಂದ ರೈಲಿನಲ್ಲಿ ನೀರು ತಂದದ್ದನ್ನು ನಾವು ಯಾರೂ ಮರೆತಿಲ್ಲ. ಅದೇ ಬರ ನಮ್ಮನ್ನೂ ಹಿಂಡಿತ್ತು. ಆದ್ದರಿಂದ ಸಭೆಯಲ್ಲಿ ಕೇಳಬೇಕಾದ ಪ್ರಶ್ನೆಗಳು ಸರಳ: ಹೆಕ್ಟೇರಿಗೆ ಎಷ್ಟು ಗಿಡ? ಯಾವ ಜಾತಿ? ತಗ್ಗಿನ ಬಾವಿಗಳ ನೀರಿನ ಮಟ್ಟವನ್ನು ಮೊದಲೇ ಅಳೆದು ಬರೆದಿಡುತ್ತೀರೋ ಇಲ್ಲವೋ?

ಕಾರಂಜಾ ದಂಡೆ (ಭಾಲ್ಕಿ)

ರೈತನಾಗಿ ಒಂದು ಮಾತು ಸೇರಿಸುತ್ತೇನೆ. ಮೊದಲು ನಮ್ಮಲ್ಲಿ ಜೋಳ ಹೆಚ್ಚು. ಕಾಳು ಮನೆಗೆ, ಕಣಿಕೆ ದನಕ್ಕೆ. ಬಣವೆ ಒಟ್ಟಿದರೆ ಮುಂದಿನ ಮಳೆಗಾಲದ ತನಕ ಮೇವಿನ ಚಿಂತೆ ಇರುತ್ತಿರಲಿಲ್ಲ. ಈಗ ಮುಂಗಾರಿಗೆ ಎಲ್ಲಿ ನೋಡಿದರೂ ಸೋಯಾ. ಅದರ ಹೊಟ್ಟನ್ನು ದನ ತಿನ್ನುತ್ತದೆ ಎಂಬುದು ಹೆಸರಿಗೆ ಮಾತ್ರ. ಹೊಲದ ಬೆಳೆ ಬದಲಾದದ್ದರ ಭಾರ ಹೋಗಿ ಬಿದ್ದದ್ದು ಗಾಯರಾಣದ ಮೇಲೆ. ಈಗ ಅದನ್ನೂ ಐದು ವರ್ಷ ಮುಚ್ಚಿದರೆ ಜನ ದನ ಮಾರುತ್ತಾರೆ. ಒಮ್ಮೆ ಮಾರಿದ ದೇವಣಿ ಜೋಡಿಯನ್ನು ಮತ್ತೆ ಕಟ್ಟುವ ಶಕ್ತಿ ಸಣ್ಣ ರೈತನಿಗೆ ಇಲ್ಲ. ಪಶುವೈದ್ಯಕೀಯ ವಿಶ್ವವಿದ್ಯಾಲಯ ಇರುವುದು ನಮ್ಮ ಬೀದರಿನಲ್ಲೇ. ದೇವಣಿ ತಳಿ ಉಳಿಸಬೇಕೆಂದು ಎಲ್ಲರೂ ಹೇಳುತ್ತಾರೆ, ಅದು ಮೇಯುವ ನೆಲದ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ.

ತೊಗರಿಗೂ ಇದಕ್ಕೂ ನಂಟಿದೆ. ಕಾಯಿಕೊರಕದ ಹುಳು ಹೆಕ್ಕಲಿ ಎಂದು ಹೊಲದಲ್ಲಿ ಕವಲು ಕಡ್ಡಿ ನೆಟ್ಟು ಹಕ್ಕಿಗಳಿಗೆ ಕೂಡಲು ಜಾಗ ಮಾಡಿ ಎಂದು ಕೃಷಿ ಇಲಾಖೆಯವರೇ ಹೇಳುತ್ತಾರೆ. ಕಾಜಾಣ, ಗೊರವಂಕ ಬಂದು ಕೂಡುತ್ತವೆ ನಿಜ. ಅವು ವರ್ಷವಿಡೀ ಇರುವುದು, ಗೂಡು ಕಟ್ಟುವುದು ಮಡ್ಡಿಯ ಬೇಲಿಸಾಲಿನಲ್ಲಿ, ಜಾಲಿ ಮರದಲ್ಲಿ. ಮಡ್ಡಿ ಹೋದರೆ ಕಡ್ಡಿಯ ಮೇಲೆ ಕೂಡಲು ಯಾರು ಬರುತ್ತಾರೆ?

ಕುರಿಹಟ್ಟಿ

ನಮ್ಮದು ಕುರಿ ಕಾಯುವ ಮನೆತನ. ನಾನು ಕಲಬುರಗಿಯಲ್ಲಿ ಓದುತ್ತಿದ್ದೇನೆ, ಅಣ್ಣ ಈಗಲೂ ಹಿಂಡಿನ ಜೊತೆ ಇದ್ದಾನೆ. ಸುಗ್ಗಿ ಮುಗಿದ ಮೇಲೆ ರೈತರು ಕರೆದು ಹೊಲದಲ್ಲಿ ಕುರಿ ತರುಬಿಸಿಕೊಳ್ಳುತ್ತಾರೆ. ರಾತ್ರಿಯಿಡೀ ಹಿಂಡು ಒಂದೇ ಕಡೆ ಮಲಗುತ್ತದೆ, ಹಿಕ್ಕೆ ಗಂಜಳ ನೆಲಕ್ಕೆ ಸೇರುತ್ತದೆ, ಮರುದಿನ ಬಲೆ ಕಿತ್ತು ಪಕ್ಕದ ಪಟ್ಟಿಗೆ ಸರಿಸುತ್ತೇವೆ. ಅದಕ್ಕೆ ಕಾಳೋ ದುಡ್ಡೋ ಕೊಡುತ್ತಾರೆ. ಆ ಗೊಬ್ಬರ ಹುಟ್ಟಿದ್ದು ಎಲ್ಲಿ? ಮಳೆಗಾಲದಲ್ಲಿ ನಾವು ಮಡ್ಡಿಯಲ್ಲಿ ಮೇಯಿಸಿದ್ದರಿಂದ. ಗಾಯರಾಣ ಇಲ್ಲದಿದ್ದರೆ ಬೆಳೆ ನಿಂತಿರುವ ಆ ನಾಲ್ಕು ತಿಂಗಳು ಹಿಂಡನ್ನು ಎಲ್ಲಿ ನಿಲ್ಲಿಸುವುದು? ನಾಲ್ಕು ತಿಂಗಳಿಗೆ ಜಾಗವಿಲ್ಲವೆಂದರೆ ಹನ್ನೆರಡು ತಿಂಗಳೂ ಕುರಿ ಇಲ್ಲ. ಲೆಕ್ಕಪತ್ರ ಸರ್, ಇದು ನಿಮ್ಮ ಪಟ್ಟಿಯಲ್ಲಿ ಎಲ್ಲಿ ಬರುತ್ತದೆ?

ಚಿಗರಿಯ ಬಗ್ಗೆಯೂ ಹೇಳಬೇಕು. ಕೃಷ್ಣಮೃಗ ಬಯಲಿನ ಪ್ರಾಣಿ. ದೂರ ಕಾಣಬೇಕು, ಓಡಲು ತೆರಪು ಬೇಕು. ಗಿಡ ಒತ್ತಾಗಿ ಬೆಳೆದ ಜಾಗಕ್ಕೆ ಅದು ಬರುವುದಿಲ್ಲ. ಬಯಲು ಮುಚ್ಚಿದಷ್ಟೂ ಅದು ಹೊಲಕ್ಕೆ ಇಳಿಯುತ್ತದೆ, ಎಳೆಯ ಸೋಯಾ, ತೊಗರಿಯ ಕುಡಿ ಮೇಯುತ್ತದೆ, ರೈತ ಶಾಪ ಹಾಕುತ್ತಾನೆ. ವನ್ಯಜೀವಿ ಕಾಯ್ದೆಯ ಒಂದನೇ ಅನುಸೂಚಿಯಲ್ಲಿ ಅದನ್ನು ಇಟ್ಟು ಅದರ ಮನೆಯಲ್ಲಿ ನೆಡುತೋಪು ಮಾಡುವುದು ಯಾವ ಸಂರಕ್ಷಣೆ ಎಂದು ನನಗೆ ಅರ್ಥವಾಗುವುದಿಲ್ಲ.

ಲೆಕ್ಕಪತ್ರ (ಕಲಬುರಗಿ)

ತಮ್ಮಾ, ಅದು ಪೂರೈಕೆಗೂ ಬರುತ್ತದೆ, ಆಧಾರಕ್ಕೂ ಬರುತ್ತದೆ. ನೀನು ಹೇಳಿದ್ದು ಇನ್ನೂ ದೊಡ್ಡ ಸಂಗತಿ. ನೆಲದ ಸೇವೆ ಆ ನೆಲದಲ್ಲೇ ಮುಗಿಯುವುದಿಲ್ಲ, ಹಿಂಡಿನ ಕಾಲಿನ ಮೇಲೆ ನಡೆದು ಬೇರೆಯವರ ಹೊಲ ಸೇರುತ್ತದೆ. ಅಂದರೆ ಗಾಯರಾಣದಿಂದ ಜಮೀನುದಾರರಿಗೂ ಲಾಭವಿದೆ. ಇದನ್ನು ಸಭೆಯಲ್ಲಿ ಬಿಡಿಸಿ ಹೇಳಿ, ಜಮೀನುದಾರರ ಬೆಂಬಲವೂ ಸಿಗುತ್ತದೆ. ಅಂದಹಾಗೆ 2026ನ್ನು ವಿಶ್ವಸಂಸ್ಥೆ ಹುಲ್ಲುಗಾವಲು ಮತ್ತು ಪಶುಪಾಲಕರ ಅಂತರರಾಷ್ಟ್ರೀಯ ವರ್ಷವೆಂದು ಘೋಷಿಸಿದೆ. ಠರಾವಿನಲ್ಲಿ ಅದನ್ನೂ ನಮೂದಿಸಬಹುದು.

ಔರಾದ್ ಗೆಳೆಯರಿಗೆ: ದೇಶದ ಮಟ್ಟದಲ್ಲೂ ಇದೇ ಗೋಜಲಿದೆ. 2019ರ ಪಾಳುಭೂಮಿ ನಕಾಶೆ 5.57 ಕೋಟಿ ಹೆಕ್ಟೇರನ್ನು, ಅಂದರೆ ದೇಶದ ವಿಸ್ತೀರ್ಣದ ಶೇ 16.96ನ್ನು ಪಾಳು ಎಂದು ಗುರುತಿಸಿತು. ಕುರುಚಲು ಪೊದೆಯ ನೆಲವೆಲ್ಲ ಅದರೊಳಗೇ ಸೇರಿದೆ. ಗಿಡ ನೆಟ್ಟವರಿಗೆ ಕ್ರೆಡಿಟ್ ಕೊಡುವ ಕೇಂದ್ರ ಸರ್ಕಾರದ ಯೋಜನೆಗೆ 2024ರ ಫೆಬ್ರುವರಿಯಲ್ಲಿ ಬಂದ ಹಸಿರು ಕ್ರೆಡಿಟ್ ಮಾರ್ಗಸೂಚಿ ಅಂಥ ನೆಲದಲ್ಲಿ ಹೆಕ್ಟೇರಿಗೆ ಕನಿಷ್ಠ 1100 ಗಿಡ ಎಂದಿತು. ಹೆಚ್ಚು ಹಸಿರು ಎಂದರೆ ಹೆಚ್ಚು ಮರ ಎಂದು ಹಿಡಿದರೆ ಮಲೆನಾಡಿಗೆ ಹೊಂದೀತು. ನಮ್ಮ ಮಡ್ಡಿಗೆ ಹೊಂದುವುದಿಲ್ಲ. ಹುಲ್ಲುಗಾವಲು ತನ್ನ ಇಂಗಾಲದ ಬಹುಪಾಲನ್ನು ನೆಲದ ಕೆಳಗೆ, ಬೇರು ಮತ್ತು ಮಣ್ಣಿನಲ್ಲಿ ಇಟ್ಟಿರುತ್ತದೆ. ಸಾಲು ಸಾಲು ಗುಂಡಿ ತೆಗೆಯಲು ಯಂತ್ರ ಬಿಟ್ಟರೆ ಮೊದಲು ಹೋಗುವುದು ಅದೇ.

ಪಹಣಿ (ಕಂದಾಯ ಇಲಾಖೆಯಿಂದ ನಿವೃತ್ತ)

ಅಕ್ಕಾವರೇ, ನೀರು ಮೇವಿನ ಮಾತು ಬಲ್ಲವರು ಹೇಳಿದರು. ನಾನು ಕಾಗದಪತ್ರದ ಮಾತು ಹೇಳುತ್ತೇನೆ, ಏಕೆಂದರೆ ಕೊನೆಗೆ ನಿಲ್ಲುವುದು ಕಾಗದ.

ಆ ಸರ್ವೆ ನಂಬರಿನ ಪಹಣಿ ತೆಗೆಸಿ. ಅದು ಇವತ್ತಿನ ಸ್ಥಿತಿಯನ್ನು ಹೇಳುತ್ತದೆ. ಅಷ್ಟಕ್ಕೇ ನಿಲ್ಲಬೇಡಿ. ನಮ್ಮದು ನಿಜಾಮನ ಆಡಳಿತದಲ್ಲಿದ್ದ ಪ್ರದೇಶವಾದ್ದರಿಂದ 1954–55ರ ಖಾಸ್ರಾ ಪಹಣಿ ಎಂಬ ಮೂಲ ದಾಖಲೆ ಇದೆ. ಅದರಲ್ಲಿ ಗಾಯರಾಣ ಎಷ್ಟು ಎಕರೆ ಇತ್ತು ಎಂಬುದು ಸಿಗುತ್ತದೆ. ಅಂದಿಗೂ ಇಂದಿಗೂ ಇರುವ ವ್ಯತ್ಯಾಸವನ್ನು ಸಭೆಯಲ್ಲಿ ಓದಿ ಹೇಳಿ.

ಕರ್ನಾಟಕ ಭೂಕಂದಾಯ ಕಾಯ್ದೆ 1964ರ 71ನೇ ಕಲಮಿನಡಿ ಸರ್ಕಾರಿ ಜಮೀನನ್ನು ಉಚಿತ ಹುಲ್ಲುಗಾವಲಿಗೆ ಮೀಸಲಿಡಬಹುದು. 1966ರ ನಿಯಮಾವಳಿಯ 97ನೇ ನಿಯಮ ಅದಕ್ಕೆ ಅಳತೆಯನ್ನೂ ಕೊಟ್ಟಿದೆ: 100 ಜಾನುವಾರಿಗೆ 30 ಎಕರೆ. ಜಾನುವಾರು ಗಣತಿಯ ಅಂಕಿಯನ್ನು ಪಶು ಆಸ್ಪತ್ರೆಯಿಂದ ತನ್ನಿ, ಗುಣಾಕಾರ ಮಾಡಿ. ಇರಬೇಕಾದಷ್ಟು ಗಾಯರಾಣವೇ ಊರಿಗೆ ಇಲ್ಲವೆಂದು ತೋರಿದರೆ, ಇದ್ದದ್ದನ್ನು ಮುಚ್ಚಲು ಯಾವ ಆಧಾರ ಎಂದು ಕೇಳುವ ಹಕ್ಕು ಗ್ರಾಮಸಭೆಗೆ ಬರುತ್ತದೆ. ಸಮುದಾಯದ ಭೂಮಿಯನ್ನು ಕಾಪಾಡಬೇಕೆಂದು 2011ರ ಜನವರಿ 28ರಂದು ಜಗಪಾಲ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೂ ಹೇಳಿದೆ. ಒತ್ತುವರಿ ತೆರವಿಗೆ ಯೋಜನೆ ರೂಪಿಸಿ ಎಂದೂ ಹೇಳಿದೆ. ಔರಾದಿನವರ ಪ್ರಶ್ನೆಗೆ ನನ್ನ ಉತ್ತರ ಇದು. ಜಾಗ ಉಳಿಸಲು ಬೇಕಾದದ್ದು ಮೋಜಣಿ, ಗಡಿಕಲ್ಲು, ಆದೇಶದ ಪ್ರತಿ. ಮರವೇ ಆಗಬೇಕೆಂದಿದ್ದರೆ ಗಡಿಯಗುಂಟ ಒಂದು ಸಾಲು ನೆಡಿ.

ಎಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಪ್ರಸ್ತಾವ ಯಾವ ಯೋಜನೆಯದು ಎಂದು ಲಿಖಿತವಾಗಿ ಕೇಳಿ. ಸಾಮಾಜಿಕ ಅರಣ್ಯದ ನೆಡುತೋಪಾದರೆ ಜಮೀನು ಕಂದಾಯ ಇಲಾಖೆಯದಾಗಿಯೇ ಉಳಿಯಬಹುದು. ಎಲ್ಲೋ ಗಣಿಗೋ ಹೆದ್ದಾರಿಗೋ ಕೊಟ್ಟ ಕಾಡಿನ ಬದಲಿಗೆ ಪರಿಹಾರಾತ್ಮಕ ಅರಣ್ಯೀಕರಣಕ್ಕಾಗಿ ಕೇಳುತ್ತಿದ್ದರೆ ಜಮೀನು ಅರಣ್ಯ ಇಲಾಖೆಗೆ ಹಸ್ತಾಂತರವಾಗುತ್ತದೆ, ಅರಣ್ಯವೆಂದು ಅಧಿಸೂಚನೆಯಾಗುತ್ತದೆ. ಆಮೇಲೆ ಐದು ವರ್ಷದ ಮಾತಿಲ್ಲ. ನೀವು ಸೀತಾಫಲ ಕೊಯ್ಯುವುದೂ ಇನ್ನೊಬ್ಬರ ಅನುಮತಿಯ ವಿಷಯವಾಗುತ್ತದೆ.

ಬರಿಗೈ (ಹುಮನಾಬಾದ್)

ಒತ್ತುವರಿ ತೆರವು ಎಂಬ ಮಾತು ಬಂದದ್ದಕ್ಕೆ ಬರೆಯುತ್ತಿದ್ದೇನೆ. ಗಾಯರಾಣದಲ್ಲಿ ಉಳುವವರೆಲ್ಲ ಭೂಗಳ್ಳರಲ್ಲ. ನಮ್ಮ ಕೇರಿಯವರು ಎರಡು ತಲೆಮಾರಿನಿಂದ ಅಲ್ಲಿ ಕಲ್ಲು ಆರಿಸಿ, ಒಡ್ಡು ಹಾಕಿ ಹೆಸರು, ಉದ್ದು, ತೊಗರಿ ಬೆಳೆಯುತ್ತಿದ್ದಾರೆ. ಸಾಗುವಳಿ ಸಕ್ರಮ ಮಾಡಿಕೊಡಿ ಎಂದು ನಮೂನೆ 50 ತುಂಬಿದರು, 53 ತುಂಬಿದರು, 57 ಸಹ ತುಂಬಿದರು. ಇಂದಿಗೂ ಸಾಗುವಳಿ ಚೀಟಿ ಕೈಗೆ ಬಂದಿಲ್ಲ. ಹಿಂದೆಂದೋ ಭೂಮಿ ಹಂಚುವಾಗ ನಮಗೆ ಪಾಲು ಕೊಡಲಿಲ್ಲ. ಉಳಿದದ್ದು ಗಾಯರಾಣ ಮಾತ್ರ. ತೆರವು ಎಂದಾಗ ಜೆಸಿಬಿ ಮೊದಲು ಬರುವುದು ನಮ್ಮ ಒಂದೂವರೆ ಎಕರೆಗೆ. ಅಂಚಿನಲ್ಲಿ ತಂತಿ ಬೇಲಿ ಹಾಕಿದ ದೊಡ್ಡವರ ಹೊಲಕ್ಕೆ ಅದು ಹೋದದ್ದನ್ನು ನಾನು ಕಂಡಿಲ್ಲ.

ನಿಸರ್ಗದ ಲೆಕ್ಕ ಮಾಡುವಾಗ ನಮ್ಮ ಹೆಸರು ಬಿಟ್ಟುಹೋದರೆ ಅದೂ ಈ ‘ಇಲ್ಲ’ ಎಂದು ಬರೆದ ಹಾಳೆಯ ಹಾಗೆಯೇ.

ಮಡ್ಡಿಹೊಲ

ಅಣ್ಣಾ, ನಿಮ್ಮ ಮಾತು ಸರಿಯಾಗಿದೆ. ನಮ್ಮ ಗಾಯರಾಣದ ತೆಂಕಣ ಮೂಲೆಯಲ್ಲೂ ಕೆಲವು ಬಡ ಮನೆಗಳ ಸಾಗುವಳಿ ಇದೆ. ಅವರನ್ನು ಬಿಟ್ಟು ಯಾವ ನಕಾಶೆಯನ್ನೂ ಮಾಡುವುದಿಲ್ಲ. ಅರ್ಜಿ ಹಾಕಿ ಕುಳಿತ ಭೂಹೀನರನ್ನೂ ಪಕ್ಕದ ಹೊಲದಿಂದ ಒಳಗೆ ಸರಿದವರನ್ನೂ ಬೇರೆ ಬೇರೆಯಾಗಿ ಬರೆಸುತ್ತೇನೆ.

ಚಿಂಚೋಳಿ ಗಡಿ

ಚಿಂಚೋಳಿಯ ಅನುಭವ ನಿಮಗೆ ಉಪಯೋಗವಾದೀತು. ಇಲ್ಲಿಯ ಕುಂಚಾವರಂ ಕಾಡು 2011ರಲ್ಲಿ ವನ್ಯಜೀವಿಧಾಮವಾಯಿತು, 134.88 ಚದರ ಕಿಲೋಮೀಟರ್. ಒಣಭೂಮಿಯಲ್ಲಿ ಇಂಥದ್ದೊಂದು ಕಾಡು ಉಳಿದದ್ದು ನಮಗೆಲ್ಲ ಹೆಮ್ಮೆ. ಚಂದ್ರಂಪಳ್ಳಿ ಕೆರೆಯ ದಂಡೆಯಲ್ಲಿ ನಿಂತರೆ ಕಲಬುರಗಿ ಜಿಲ್ಲೆಯಲ್ಲಿದ್ದೇವೆ ಎಂಬುದೇ ಮರೆಯುತ್ತದೆ.

ಆದರೆ ಕಾಡಿನ ಒಳಗೂ ಅಂಚಿಗೂ ಲಂಬಾಣಿ ತಾಂಡಾಗಳಿವೆ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕಿಂತ ಮುಂಚಿನ ವಾಸ ತೋರಿಸಿದರೆ ಸಾಕು. ಇತರ ಪಾರಂಪರಿಕ ಅರಣ್ಯವಾಸಿಗಳು ಮೂರು ತಲೆಮಾರು, ಅಂದರೆ 75 ವರ್ಷದ ವಾಸ ತೋರಿಸಬೇಕು. ಗಡಿಯಾಚೆ ತೆಲಂಗಾಣದಲ್ಲಿ ಲಂಬಾಣಿಗಳು ಪರಿಶಿಷ್ಟ ಪಂಗಡ, ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ. ಒಂದೇ ಕಾಡು, ಒಂದೇ ಬಳಗ, ಆಚೆ ಮದುವೆಯಾಗಿ ಹೋದ ಅಕ್ಕನಿಗೆ ಒಂದು ನಿಯಮ, ಈಚೆ ಉಳಿದ ತಮ್ಮನಿಗೆ ಇನ್ನೊಂದು. 75 ವರ್ಷದ ಕಾಗದ ತಾಂಡಾದಲ್ಲಿ ಯಾರ ಬಳಿ ಇರುತ್ತದೆ?

ನೀವು ಕಲಿಯಬೇಕಾದದ್ದು ಇಷ್ಟು. ಬಳಕೆಯ ದಾಖಲೆಯನ್ನು ಗಡಿ ಎಳೆಯುವ ಮುಂಚೆ ಮಾಡಿ. ಗಡಿ ಬಿದ್ದ ಮೇಲೆ ಸಾಬೀತು ಮಾಡುವ ಹೊರೆ ಪೂರ್ತಿ ನಿಮ್ಮ ತಲೆಯ ಮೇಲೆ ಬರುತ್ತದೆ.

ಲೆಕ್ಕಪತ್ರ (ಕಲಬುರಗಿ)

ಅದಕ್ಕೆ ಒಂದು ಪುಸ್ತಕ ನಿಮ್ಮ ಪಂಚಾಯಿತಿಯಲ್ಲೇ ಇರಬೇಕು. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯಿತಿಗೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. 2020ರ ಜನವರಿ 31ರೊಳಗೆ ಮುಗಿಸಿ, ಇಲ್ಲವಾದರೆ ತಿಂಗಳಿಗೆ 10 ಲಕ್ಷ ರೂಪಾಯಿ ಎಂದು ಹಸಿರು ನ್ಯಾಯಮಂಡಳಿ ರಾಜ್ಯಗಳಿಗೆ ಗಡುವು ಕೊಟ್ಟಾಗ ದೇಶದ ಎಲ್ಲ ಕಡೆ ಅವಸರದಲ್ಲಿ ಬರೆದು ಮುಗಿಸಿದರು. ಬೀರು ತೆಗೆದು ಆ ಪುಸ್ತಕ ನೋಡಿ. ನಿಮ್ಮ ಮಡ್ಡಿಯ ಪುಟ ಖಾಲಿಯಿದ್ದರೆ ಸಮಿತಿಯ ಸಭೆ ಕರೆದು ತುಂಬಿಸಿ: ಯಾವ ಹುಲ್ಲು, ಯಾವ ತಿಂಗಳು, ಯಾವ ಮನೆಗಳು, ಯಾವ ಹಕ್ಕಿ. ಆಡು ಕಾಯುವ ಅಜ್ಜಿಯನ್ನು ಕರೆದುಕೊಂಡು ನೆಲದ ಮೇಲೆ ನಡೆಯುತ್ತಲೇ ಬರೆಯಿರಿ. ಕಚೇರಿಯಲ್ಲಿ ಕುಳಿತು ಬರೆದರೆ ಮೊದಲಿನ ಗತಿಯೇ ಆಗುತ್ತದೆ.

ರೂಪಾಯಿ ಲೆಕ್ಕ ಬೇಕೇ ಬೇಕೆಂದರೆ ಬದಲಿ ವೆಚ್ಚದ ದಾರಿ ಹಿಡಿಯಿರಿ. ಗಾಯರಾಣ ಇಲ್ಲದಿದ್ದರೆ ಇಷ್ಟು ಆಡು ದನಗಳಿಗೆ ಮಳೆಗಾಲದ ನಾಲ್ಕು ತಿಂಗಳು ಮೇವು ಕೊಳ್ಳಲು ಪೇಟೆಯ ದರದಲ್ಲಿ ಎಷ್ಟಾಗುತ್ತದೆ? ಹಣ್ಣು ಮಾರಿದ್ದು ಎಷ್ಟು? ಈ ಎರಡನ್ನು ಮನೆಮನೆ ಕೇಳಿ ಕೂಡಿಸಿದರೆ ಸಾಕು. ನೀರಿಗೆ ಬೆಲೆ ಕಟ್ಟಲು ಹೋಗಬೇಡಿ. ಅಂದಾಜು ತುಸು ತಪ್ಪಿದರೂ ಅದನ್ನೇ ಹಿಡಿದು ಇಡೀ ಲೆಕ್ಕವನ್ನು ತಳ್ಳಿಹಾಕುತ್ತಾರೆ. ಬಾವಿಯ ಮಟ್ಟವನ್ನು ಅಡಿಯಲ್ಲಿ ಬರೆಯಿರಿ, ಅದು ಸಾಕಾದಷ್ಟು ಗಟ್ಟಿ.

ಹಸಿರು ಔರಾದ್

ಎಲ್ಲವನ್ನೂ ಓದಿದೆ. ಕಂದಕ ತೋಡಿ ಪೂರ್ತಿ ಮುಚ್ಚುವುದು ನನಗೂ ಈಗ ಸರಿ ಕಾಣುವುದಿಲ್ಲ. ಆದರೂ ನನ್ನ ಅಂಜಿಕೆ ಹೋಗಿಲ್ಲ. ಠರಾವು ಬರೆದು ಮನೆಗೆ ಹೋದರೆ ಕಾಯುವವರು ಯಾರು? ಗಿಡಕ್ಕಾದರೆ ಕಾವಲುಗಾರನಿಗೆ ಕೂಲಿ ಸಿಗುತ್ತದೆ, ಹುಲ್ಲಿಗೆ ಯಾರೂ ಕೊಡುವುದಿಲ್ಲ. ಮೇಯಿಸುವುದಕ್ಕೂ ಕಟ್ಟುಪಾಡು ಬೇಕು. ಎಲ್ಲ ಕಡೆ ಒಮ್ಮೆಗೇ ಮೇಯಿಸಿದರೆ ಹುಲ್ಲು ಬೀಜ ಕಟ್ಟುವುದೇ ಇಲ್ಲ, ಬಳ್ಳಾರಿ ಜಾಲಿ ಮಾತ್ರ ಉಳಿಯುತ್ತದೆ. ಮಡ್ಡಿ ಈಗ ಇರುವ ಸ್ಥಿತಿಯೇ ಬಹಳ ಚೆನ್ನಾಗಿದೆ ಎಂದು ಯಾರೂ ತಿಳಿಯಬಾರದು.

ಕುರಿಹಟ್ಟಿ

ಅಣ್ಣಾ, ಅದು ನಿಜ. ಮೂರು ಭಾಗ ಮಾಡಿ, ಪ್ರತಿ ವರ್ಷ ಒಂದು ಭಾಗವನ್ನು ದೀಪಾವಳಿ ತನಕ ಬಿಟ್ಟುಕೊಡಬಹುದು. ಬೀಜ ಉದುರಿದ ಮೇಲೆ ಕುಡುಗೋಲಿನಿಂದ ಕೊಯ್ದುಕೊಳ್ಳಬಹುದು. ಇದಕ್ಕೆ ನಮ್ಮ ಹಿರಿಯರು ಒಪ್ಪುತ್ತಾರೆ, ಅವರನ್ನು ಕರೆದು ಕೇಳಿದರೆ. ಉದ್ಯೋಗ ಖಾತ್ರಿಯಲ್ಲಿ ಬಳ್ಳಾರಿ ಜಾಲಿ ಬೇರುಸಹಿತ ಕೀಳಿಸುವ ಕೆಲಸ ಹಾಕಿಸಲು ಆಗುತ್ತದೆಯೇ ಎಂದು ಪಂಚಾಯಿತಿಯಲ್ಲಿ ಕೇಳಿ ನೋಡಿ.

ಸುರಂಗಬಾವಿ (ಬೀದರ್)

ಜಾಲಿ ಕಿತ್ತ ಗುಂಡಿಗಳನ್ನು ಕೂಡಲೇ ಮುಚ್ಚಿಸಬೇಡಿ, ಒಂದು ಮಳೆಗಾಲ ನೀರು ಇಂಗಲಿ. ಅಂಚಿನಿಂದ ಜಂಬಿಟ್ಟಿಗೆ ಕಲ್ಲು ಕಡಿದು ಸಾಗಿಸುವುದು ನಡೆಯುತ್ತಿದ್ದರೆ ಅದನ್ನೂ ಠರಾವಿನಲ್ಲಿ ನಿಲ್ಲಿಸಿ. ಮರಕ್ಕಿಂತ ಅದರಿಂದ ನೀರಿಗೆ ಹೆಚ್ಚು ಕೇಡು.

ಮಡ್ಡಿಹೊಲ

ಎಲ್ಲರಿಗೂ ಕೈಮುಗಿಯುತ್ತೇನೆ. ಠರಾವಿನ ಕರಡು ಹೀಗೆ ಬರೆದಿದ್ದೇನೆ, ತಿದ್ದಿ:

‘ನಮ್ಮ ಗ್ರಾಮದ ಗಾಯರಾಣವು ಜಾನುವಾರುಗಳ ಮಳೆಗಾಲದ ಮೇವಿಗೆ, ಭೂಹೀನ ಕುಟುಂಬಗಳ ಸೀತಾಫಲ ಮತ್ತು ಎಲೆ ಸಂಗ್ರಹಕ್ಕೆ, ಕುರಿಗಾರರ ತಂಗುವಿಕೆಗೆ, ಊರ ಬಾವಿಗಳ ಅಂತರ್ಜಲ ಮರುಪೂರಣಕ್ಕೆ ಬಳಕೆಯಲ್ಲಿದೆ. ಪ್ರಸ್ತಾವದಲ್ಲಿ ಬಳಕೆ ಇಲ್ಲವೆಂದು ನಮೂದಿಸಿರುವುದನ್ನು ತಿದ್ದಬೇಕು. ಯೋಜನೆ ಯಾವುದು, ಜಮೀನು ಹಸ್ತಾಂತರವಾಗುತ್ತದೆಯೇ, ಹೆಕ್ಟೇರಿಗೆ ಎಷ್ಟು ಗಿಡ ಮತ್ತು ಯಾವ ಜಾತಿ ಎಂಬ ಲಿಖಿತ ಉತ್ತರ ಬರುವ ತನಕ ಗ್ರಾಮಸಭೆ ಒಪ್ಪಿಗೆ ನೀಡುವುದಿಲ್ಲ. ಗಡಿಯಗುಂಟ ಬೇವು, ಬನ್ನಿ, ಹುಣಸೆ ನೆಡಲು, ಬಳ್ಳಾರಿ ಜಾಲಿ ತೆಗೆಸಲು, ಸರದಿಯಂತೆ ಮೇಯಿಸುವ ಕಟ್ಟುಪಾಡು ಮಾಡಲು ಗ್ರಾಮಸಭೆ ಸಿದ್ಧವಿದೆ. ಸಾಗುವಳಿ ಅರ್ಜಿ ಬಾಕಿಯಿರುವ ಭೂಹೀನರನ್ನು ವಿಚಾರಣೆಯಿಲ್ಲದೆ ತೆರವು ಮಾಡಬಾರದು.’

ಪಹಣಿ (ಕಂದಾಯ ಇಲಾಖೆಯಿಂದ ನಿವೃತ್ತ)

ಚೆನ್ನಾಗಿದೆ. ಸರ್ವೆ ನಂಬರು, ಎಕರೆ ಗುಂಟೆ, ನಾಲ್ಕು ದಿಕ್ಕಿನ ಚಕ್ಕುಬಂದಿ ಸೇರಿಸಿ. ಅವಿಲ್ಲದ ಠರಾವನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ. ಬಿಡಿ ಹಾಳೆಯಲ್ಲಿ ಬೇಡ, ನಡಾವಳಿ ಪುಸ್ತಕದಲ್ಲೇ ಬರೆಸಿ, ಹೆಂಗಸರ ಸಹಿ ಹೆಬ್ಬೆಟ್ಟು ಅದರಲ್ಲೇ ಬೀಳಲಿ, ದೃಢೀಕೃತ ನಕಲನ್ನು ಅಂದೇ ಕೇಳಿ ಪಡೆಯಿರಿ. ಒಂದು ಪ್ರತಿಯನ್ನು ತಹಶೀಲ್ದಾರರಿಗೆ, ಒಂದನ್ನು ಜಿಲ್ಲಾಧಿಕಾರಿಗಳಿಗೆ ರಿಜಿಸ್ಟರ್ ಅಂಚೆಯಲ್ಲಿ ಕಳುಹಿಸಿ. ಖಾಸ್ರಾ ಪಹಣಿಯ ನಕಲಿಗೆ ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಲ್ಲಿ ಅರ್ಜಿ ಕೊಡಿ. ಹಾಳೆ ಜೀರ್ಣವಾಗಿದೆ ಎಂದು ಹೇಳಿದರೆ ಅದನ್ನೇ ಬರವಣಿಗೆಯಲ್ಲಿ ಕೊಡಲು ಕೇಳಿ. ಅದರಲ್ಲಿ ಉರ್ದು ಬರಹ ಇರಬಹುದು. ಓದಲು ಬರುವ ಹಿರಿಯರನ್ನು ಜೊತೆಗೆ ಕರೆದುಕೊಂಡು ಹೋಗಿ.